ಆರು ಕಿಲೋ ಇಳಿಸಲು ಸ್ಕಿಡ್ ಬದಲಿಸಬೇಕೇ?

ಪ್ರಶ್ನೆ: ನಮಸ್ಕಾರ ಸರ್. ಊರು ದಾವಣಗೆರೆ, ಈಗ ಇರುವುದು ಕ್ಯಾಲ್ಗರಿಯಲ್ಲಿ. ಮೂರು ಚಳಿಗಾಲದಿಂದ ಗೆಳೆಯರ ಜೊತೆ ರೆವೆಲ್‌ಸ್ಟೋಕ್ ಕಡೆ ಹೋಗಿ ಸ್ನೋಮೊಬೈಲ್ (ಮುಂದೆ ಎರಡು ಸ್ಕೀ, ಹಿಂದೆ ಟ್ರ್ಯಾಕ್ ಎಂಬ ತಿರುಗುವ ರಬ್ಬರ್ ಪಟ್ಟಿ ಇರುವ ಹಿಮದ ಗಾಡಿ) ಓಡಿಸುತ್ತಿದ್ದೇನೆ. ನನ್ನದು 2014ರ ಮೌಂಟನ್ ಮಾಡೆಲ್, 800 ಸಿಸಿ, 163 ಇಂಚಿನ ಟ್ರ್ಯಾಕ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಏರು ಹತ್ತುವಾಗ ಮುಂಭಾಗ ಮೇಲೇಳುತ್ತದೆ, ಹಿಂಭಾಗ ಗುಂಡಿ ತೋಡಿಕೊಂಡು ಕೂತುಬಿಡುತ್ತದೆ. ಹಿಂದಿನ ಸಸ್ಪೆನ್ಷನ್ ತೆಗೆದು ಹಗುರವಾದದ್ದು ಹಾಕಿಸಿದರೆ ಆರು ಕಿಲೋ ಇಳಿಯುತ್ತದೆ, ಈ ತೊಂದರೆಯೂ ಹೋಗುತ್ತದೆ ಎನ್ನುತ್ತಾರೆ ಗೆಳೆಯರು. ಮೂರು ಸಾವಿರ ಡಾಲರ್ ಹತ್ತಿರ ಆಗುತ್ತದೆ. ನನ್ನ ತೂಕ 92 ಕಿಲೋ. ಹಾಕಿಸಲೇ?

ಉತ್ತರ: ಈ ವರ್ಷ ಬೇಡ. ಆ ದುಡ್ಡು ಹಾಗೇ ಇರಲಿ.

ಮೊದಲು ತೂಕದ ಲೆಕ್ಕ ನೋಡೋಣ. ಗಾಡಿಗೆ ಪೆಟ್ರೋಲ್, ಆಯಿಲ್, ಕೂಲೆಂಟ್ ಎಲ್ಲ ತುಂಬಿಸಿದ ಮೇಲೆ 230 ಕಿಲೋ ದಾಟುತ್ತದೆ. ನೀವು 92. ಬೂಟು, ಹೆಲ್ಮೆಟ್, ಬೆನ್ನಿನ ಚೀಲ ಸೇರಿದರೆ ಒಟ್ಟು 340ರ ಮೇಲಾಯಿತು. ಅದರಲ್ಲಿ ಆರು ಕಿಲೋ ಅಂದರೆ ನೂರಕ್ಕೆ ಎರಡೂ ಇಲ್ಲ. ಎಂಟು ಲೀಟರ್ ಪೆಟ್ರೋಲ್ ತೂಗಿದರೂ ಆರು ಕಿಲೋ ಬರುತ್ತದೆ. ಬೆಳಿಗ್ಗೆ ಟ್ಯಾಂಕ್ ತುಂಬಿದ್ದಾಗ ಗುಂಡಿ ತೋಡುವ ಗಾಡಿ, ಮಧ್ಯಾಹ್ನ ಅರ್ಧ ಖಾಲಿಯಾದ ಮೇಲೆ ತೋಡುವುದನ್ನು ಬಿಟ್ಟಿದೆಯೇ? ಇಲ್ಲ ಅಲ್ವಾ? ಹಾಗಾದರೆ ತೊಂದರೆ ತೂಕದ್ದಲ್ಲ.

ಹಾಗಂತ ಹಗುರ ಸ್ಕಿಡ್ ಸುಮ್ನೆ ದಂಡ ಎಂದು ನಾನು ಹೇಳುವುದಿಲ್ಲ. (ಟ್ರ್ಯಾಕ್ ಒಳಗೆ ಕೂರುವ ಈ ಇಡೀ ಹಿಂದಿನ ಸಸ್ಪೆನ್ಷನ್‌ಗೆ ಇಲ್ಲಿ ಸ್ಕಿಡ್ ಎನ್ನುತ್ತಾರೆ. ಎರಡು ಅಲ್ಯೂಮಿನಿಯಂ ರೈಲು, ಎರಡು ತೋಳು, ಎರಡು ಶಾಕ್, ಒಂದಷ್ಟು ಚಕ್ರ.) ನನ್ನ ಹಳೆಯ ಗಾಡಿಯಲ್ಲಿ ಉಕ್ಕಿನ ದಪ್ಪ ಟಾರ್ಷನ್ ಸ್ಪ್ರಿಂಗ್ ಇದ್ದ ಸ್ಕಿಡ್ ಇತ್ತು. ಬಿಚ್ಚಿ ತಕ್ಕಡಿಗೆ ನೇತುಹಾಕಿದೆ, 26 ಕಿಲೋ. ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಏರ್ ಶಾಕ್ ಇದ್ದ ಹೊಸದು 20. ಫಲ ಕಂಡಿದ್ದು ಎರಡೇ ಕಡೆ. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ ಹಿಡಿದಿರಬೇಕಲ್ಲ, ಆಗ ತೋಳಿಗೆ ಸುಲಭವಾಯಿತು. ಇನ್ನೊಂದು, ಹೂತುಹೋದಾಗ ಹಿಂದಿನ ಬಂಪರ್ ಹಿಡಿದು ಎತ್ತುವಾಗ. ದಿನಕ್ಕೆ ಹತ್ತು ಸಲ ಎತ್ತುವವನಿಗೆ ತುದಿಯಲ್ಲಿರುವ ಆರು ಕಿಲೋ ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ಏರು ಹತ್ತುವುದರಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಅದು ಬದಲಾದದ್ದು ನಾನು ಸ್ಟ್ರಾಪ್ ಮುಟ್ಟಿದ ಮೇಲೆ.

ನಿಮ್ಮ ಉತ್ತರವೂ ಆ ಸ್ಟ್ರಾಪ್‌ನಲ್ಲೇ ಇದೆ ಎಂದು ನನ್ನ ಅಂದಾಜು. ಸ್ಕಿಡ್‌ನ ಮುಂದಿನ ತೋಳಿನ ಹತ್ತಿರ ಒಂದು ದಪ್ಪ ಪಟ್ಟಿ ಇರುತ್ತದೆ, ಲಿಮಿಟರ್ ಸ್ಟ್ರಾಪ್. ರೈಲಿನ ಮುಂಭಾಗ ಎಷ್ಟು ಕೆಳಗೆ ಇಳಿಯಬಹುದು ಎಂದು ತೀರ್ಮಾನಿಸುವುದು ಅದೇ. ಪಟ್ಟಿ ಸಡಿಲವಿದ್ದರೆ ರೈಲಿನ ಮೂತಿ ಕೆಳಗಿಳಿಯುತ್ತದೆ. ಟ್ರ್ಯಾಕ್ ಹಿಮಕ್ಕೆ ಕಡಿದಾದ ಕೋನದಲ್ಲಿ ನುಗ್ಗುತ್ತದೆ, ಸ್ಕೀ ಎರಡೂ ಮೇಲೇಳುತ್ತವೆ. ನೀವು ಬರೆದಿರುವುದು ಇದನ್ನೇ. ಒಂದು ತೂತು ಬಿಗಿ ಮಾಡಿ, ಒಂದು ದಿನ ಓಡಿಸಿ ನೋಡಿ. ಒಂದೇ ಸಲ ಎರಡು ತೂತು ಬೇಡ. ಜಾಸ್ತಿ ಬಿಗಿಯಾದರೆ ಸ್ಕೀ ಮೇಲೆ ಭಾರ ಬಿದ್ದು ಹ್ಯಾಂಡಲ್ ತಿರುಗಿಸುವುದೇ ಕಷ್ಟವಾಗುತ್ತದೆ.

ಆಮೇಲೆ ಶಾಕ್‌ಗಳು. 2014ರ ಗಾಡಿ, ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ಅವನ್ನು ಒಮ್ಮೆಯಾದರೂ ಬಿಚ್ಚಿಸಿದ್ದರೇ ಕೇಳಿ. ಒಳಗಿನ ಎಣ್ಣೆ ಹಳತಾಗಿ, ಗ್ಯಾಸ್ ಸೋರಿಹೋಗಿದ್ದರೆ ಶಾಕ್ ಬರೀ ಕೊಳವೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂಭಾಗ ಕುಸಿಯುತ್ತದೆ, ಮುಂಭಾಗ ಎದ್ದೇ ಏಳುತ್ತದೆ. ಮುಂದಿನ ಸ್ಕೀಗಳ ಎರಡು, ಸ್ಕಿಡ್‌ನ ಎರಡು, ನಾಲ್ಕೂ ಶಾಕ್ ರೀಬಿಲ್ಡ್ ಮಾಡಿಸಿ. ನಿಮ್ಮ 92 ಕಿಲೋಗೆ ಸರಿಹೊಂದುವ ಸ್ಪ್ರಿಂಗ್ ಇದೆಯೇ ಎಂದು ಅಲ್ಲೇ ಕೇಳಿ. ನಾನು ಎರಡು ಚಳಿಗಾಲಕ್ಕೊಮ್ಮೆ ಮಾಡಿಸುತ್ತೇನೆ. ಹೊಸ ಸ್ಕಿಡ್‌ನ ಬೆಲೆಯ ಮುಂದೆ ಅದು ಸಣ್ಣ ಖರ್ಚು.

ಇಷ್ಟೆಲ್ಲ ಮಾಡಿದ ಮೇಲೂ ಹಗುರ ಸ್ಕಿಡ್ ಬೇಕೆನಿಸಿದರೆ, ಅಥವಾ ನಿಮ್ಮ ರೈಲು ಬಾಗಿದ್ದರೆ, ಧಾರಾಳವಾಗಿ ಹಾಕಿಸಿ. ಆಗ ಒಂದು ಕೆಲಸ ಮರೆಯಬೇಡಿ. ಎಷ್ಟೋ ಸ್ಕಿಡ್‌ಗಳಿಗೆ ಟನಲ್‌ನಲ್ಲಿ (ಟ್ರ್ಯಾಕ್ ಮೇಲೆ ಕವಚದಂತಿರುವ ಲೋಹದ ಭಾಗ) ಹೊಸ ತೂತು ಕೊರೆಯಬೇಕು. ಬೋಲ್ಟ್ ಬಿಗಿ ಮಾಡಿದ ಮೇಲೆ, ಸ್ಪ್ರಿಂಗ್ ಮತ್ತು ಶಾಕ್ ಹಾಕುವ ಮುಂಚೆ, ಸ್ಕಿಡ್ಡನ್ನು ಪೂರ್ತಿ ಮೇಲಕ್ಕೆ ಒತ್ತಿ ನೋಡಿ. ಟ್ರ್ಯಾಕ್‌ನ ಹಲ್ಲುಗಳು ಟನಲ್ ಕೆಳಗಿನ ಕೂಲರ್‌ಗೆ ತಾಗಬಾರದು. ಅಂಗಡಿಯವರು ಮಾಡಿದರೂ ನೀವು ಪಕ್ಕದಲ್ಲಿ ನಿಂತು ನೋಡಿ. ಕೂಲರ್ ತೂತಾದರೆ ಕೂಲೆಂಟ್ ಎಲ್ಲ ಹಿಮದ ಪಾಲು. ಎಂಜಿನ್ ಸುಡುವ ಮುಂಚೆ ನಿಲ್ಲಿಸಲೇಬೇಕು, ಅದೂ ರಸ್ತೆಯಿಂದ 20 ಕಿಲೋಮೀಟರ್ ದೂರದಲ್ಲಿ.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ಹೊಸ ಸ್ಕಿಡ್ ಬಂದ ವರ್ಷ ಇನ್ನೂ ಒಂದು ಕಿಲೋ ಇಳಿಸುವ ಆಸೆಗೆ ರೈಲಿನ ಎರಡು ಚಕ್ರ ತೆಗೆದಿದ್ದೆ. ರೈಲಿನ ಅಡಿಯಲ್ಲಿ ಹೈಫ್ಯಾಕ್ಸ್ ಎಂಬ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಟ್ರ್ಯಾಕ್‌ನ ಲೋಹದ ಕ್ಲಿಪ್ ಅದರ ಮೇಲೆ ಜಾರುತ್ತದೆ, ತಂಪು ಕೊಡುವುದು ಹಿಮ. ಏಪ್ರಿಲ್‌ನಲ್ಲಿ ಸಿಕಮೂಸ್ ಹತ್ತಿರ ಬೆಟ್ಟದಿಂದ ಇಳಿಯುವ ದಾರಿ ಗಟ್ಟಿ ಮಂಜುಗಡ್ಡೆಯಾಗಿತ್ತು. ಪುಡಿ ಹಿಮ ಒಂದು ಹಿಡಿಯೂ ಇಲ್ಲ. ಅರ್ಧ ದಾರಿಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೈಫ್ಯಾಕ್ಸ್ ಕರಗಿ ಕ್ಲಿಪ್‌ಗಳಿಗೆ ಅಂಟಿಕೊಂಡಿತ್ತು. ಕತ್ತಲಾಗುತ್ತಿತ್ತು, ಮಗ ನನ್ನ ಹಿಂದೆ ಕೂತಿದ್ದ. ಅವತ್ತಿನ ಭಯ ಇನ್ನೂ ನೆನಪಿದೆ. ಚಕ್ರ ಎರಡೂ ಮರುದಿನವೇ ವಾಪಸ್ ಬಂದವು, ಜೊತೆಗೆ ಗಡ್ಡೆ ಕೆರೆದು ಹಿಮ ಎರಚುವ ಐಸ್ ಸ್ಕ್ರಾಚರ್ ಕೂಡ.

ಕೊನೆಯದಾಗಿ ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಗಾಡಿ ಸರಿಯಾದ ಮೇಲೆ ನೀವು ಇಲ್ಲಿಯವರೆಗೆ ತಲುಪದ ಎತ್ತರಕ್ಕೆ ಹೋಗುತ್ತೀರಿ. ಹಿಮಕುಸಿತ ಆಗುವುದು ಅಂಥ ಕಡೆಯೇ. 2010ರ ಮಾರ್ಚ್ 13ರಂದು ರೆವೆಲ್‌ಸ್ಟೋಕ್‌ನ ಬೌಲ್ಡರ್ ಮೌಂಟನ್‌ನಲ್ಲಿ ಸ್ನೋಮೊಬೈಲ್ ಸವಾರರು ಗುಂಪಾಗಿ ಸೇರಿದ್ದಾಗ ಹಿಮ ಕುಸಿದು ಇಬ್ಬರು ತೀರಿಕೊಂಡರು, ಬಹಳ ಜನ ಗಾಯಗೊಂಡರು. ಒಬ್ಬರು ಹತ್ತುವಾಗ ಉಳಿದವರು ಕೆಳಗೆ ನಿಲ್ಲಬಾರದು, ಪಕ್ಕಕ್ಕೆ ಸರಿದಿರಬೇಕು. ಬೀಕನ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಎಲ್ಲರ ಮೈಮೇಲಿರಲಿ. ಗಾಡಿಯ ಡಿಕ್ಕಿಯಲ್ಲಿಟ್ಟರೆ ಗಾಡಿ ಹೂತಾಗ ಅದೂ ಹೂತುಹೋಗುತ್ತದೆ. ಹೊರಡುವ ಬೆಳಿಗ್ಗೆ ಅವಲಾಂಚ್ ಕೆನಡಾದ ಮುನ್ಸೂಚನೆ ಓದಿ. ಮೂರು ಸಾವಿರದಲ್ಲಿ ಒಂದು ಪಾಲನ್ನು ಹಿಮಕುಸಿತ ತರಬೇತಿಗೆ ಕೊಟ್ಟರೆ ನನಗೆ ತುಂಬಾ ಸಂತೋಷ.

ಪ್ರಶ್ನೆ: ಏರ್ ಶಾಕ್‌ಗೆ ಮನೆಯಲ್ಲಿ ಸರಿಯಾಗಿ ಗಾಳಿ ತುಂಬಿರುತ್ತೇನೆ. ಬೆಟ್ಟದ ಮೇಲೆ ಮೆತ್ತಗಾಗಿರುತ್ತದೆ. ಸೋರುತ್ತಿದೆಯೇ? (ಓದುಗರು, ಎಡ್ಮಂಟನ್)

ಉತ್ತರ: ಸೋರುತ್ತಿರಬೇಕೆಂದೇನಿಲ್ಲ. ಚಳಿಗೆ ಗಾಳಿ ಕುಗ್ಗುತ್ತದೆ. 20 ಡಿಗ್ರಿ ಇರುವ ಗ್ಯಾರೇಜಿನಲ್ಲಿ 80 ಪಿಎಸ್‌ಐ ತುಂಬಿದರೆ, ಮೈನಸ್ 20ರಲ್ಲಿ ಅದು 67ರ ಆಸುಪಾಸಿಗೆ ಇಳಿಯುತ್ತದೆ. ಗಾಡಿಯನ್ನು ರಾತ್ರಿಯಿಡೀ ಹೊರಗೆ ನಿಲ್ಲಿಸಿ, ಬೆಳಿಗ್ಗೆ ಆ ಚಳಿಯಲ್ಲೇ ತುಂಬಿ. ಸಂಜೆ ಗ್ಯಾರೇಜಿಗೆ ತಂದಾಗ 80 ದಾಟಿದ್ದು ಕಂಡರೆ ಗಾಳಿ ಹೊರಗೆ ಬಿಡಬೇಡಿ, ಅದು ಸರಿಯಾಗಿಯೇ ಇದೆ.

ಪ್ರಶ್ನೆ: ಹಿಮ ಹತ್ತಿಯಂತೆ ಮೆತ್ತಗಿರುತ್ತದಲ್ಲ, ಅದರ ಮೇಲೆ ಓಡುವ ಗಾಡಿಗೆ ಸಸ್ಪೆನ್ಷನ್ ಯಾಕೆ ಸರ್? (ವಿದ್ಯಾರ್ಥಿನಿ, ಹಾಸನ)

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಹೊಸದಾಗಿ ಬಿದ್ದ ಹಿಮ ಮಾತ್ರ ಮೆತ್ತಗಿರುತ್ತದೆ. ಗಾಳಿ ಹೊಡೆದು ಗಟ್ಟಿಯಾದ ಹಿಮ ಕಲ್ಲಿನ ಹಾಗೆ. ನೂರಾರು ಗಾಡಿ ಓಡಿದ ದಾರಿಯಲ್ಲಿ ಮೊಣಕಾಲೆತ್ತರದ ಉಬ್ಬು ತಗ್ಗು ಸಾಲಾಗಿ ಏಳುತ್ತವೆ. ಇನ್ನೊಂದು ಕಾರಣವೂ ಇದೆ. ನಾಟಿಗೆ ಮುಂಚೆ ಕೆಸರು ಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಅಗಲವಾದ ಕೇಜ್ ವೀಲ್ ಹಾಕುವುದನ್ನು ನೋಡಿರುತ್ತೀಯ, ಭಾರ ಹರಡಲಿ ಎಂದು. ಇಲ್ಲಿ ಆ ಕೆಲಸ ಉದ್ದನೆಯ ಟ್ರ್ಯಾಕ್‌ನದು. ಅದನ್ನು ಏರಿನಲ್ಲೂ ಇಳಿಜಾರಿನಲ್ಲೂ ಹಿಮಕ್ಕೆ ಒತ್ತಿ ಹಿಡಿಯುವುದು ಈ ಸ್ಕಿಡ್. ಅದರ ಮುಂದಿನ ತೋಳು, ಹಿಂದಿನ ತೋಳು ಬೇರೆ ಬೇರೆಯಾಗಿ ಆಡುತ್ತವೆ. ಒಂದು ಉಬ್ಬಿನ ಮೇಲಿದ್ದಾಗ ಇನ್ನೊಂದು ತಗ್ಗಿನಲ್ಲಿರಬಹುದು.