‘ಪಲವರ್’ನಿಂದ ‘ಪಲಾವರ್’ ಬಂದಿಲ್ಲ

ನಮಸ್ಕಾರ. ಉದ್ದುದ್ದ ಮಾತಿಗೆ ಇಂಗ್ಲಿಷಿನಲ್ಲಿರುವ ‘ಪಲಾವರ್’ ಪದದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ವಿಷಯವೂ ಚೆನ್ನಾಗಿದೆ. ಆದರೆ ಎರಡನೇ ಪ್ಯಾರಾ ಓದಿ ನಿಜಕ್ಕೂ ಸಿಟ್ಟು ಬಂತು.

‘ನಮ್ಮ ಹಳಗನ್ನಡದ ಪಲವರ್ ಪೋರ್ಚುಗೀಸರ ಬಾಯಲ್ಲಿ ಪಲಾವರ್ ಆಯಿತು, ಹಲವರು ಸೇರಿದರೆ ಹರಟೆ ತಾನೇ’ ಅಂತ ಬರೆದಿದ್ದೀರಿ. ಯಾವ ಆಧಾರದ ಮೇಲೆ? ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅಷ್ಟು ಹೊತ್ತಿಗೆ ಜನರ ಬಾಯಲ್ಲಿ ‘ಪಾಲ್’ ಹಾಲಾಗಿ, ‘ಪಾವು’ ಹಾವಾಗಿ, ‘ಪಲವರ್’ ಕೂಡ ಹಲವರು ಆಗಿಹೋಗಿತ್ತು. ಅವರು ಕೇಳಿದ್ದರೂ ‘ಹ’ಕಾರವನ್ನೇ ಕೇಳಿರಬೇಕು, ಅಲ್ವಾ?

ಸಾಲ ತರುವ ಅಗತ್ಯವೂ ಅವರಿಗಿರಲಿಲ್ಲ. ಪೋರ್ಚುಗೀಸಿನಲ್ಲಿ ‘ಪಲಾವ್ರ’ ಅಂದರೆ ಮಾತು. ಅದರ ಹಿಂದೆ ಲ್ಯಾಟಿನ್ನಿನ ‘ಪರಾಬೊಲ’ ಇದೆ, ಅದಕ್ಕೂ ಹಿಂದೆ ಗ್ರೀಕಿನ ‘ಪರಬೊಲೆ’: ಒಂದರ ಪಕ್ಕ ಇನ್ನೊಂದನ್ನು ಇಟ್ಟು ಹೋಲಿಸುವುದು. ‘ರ’ ಮತ್ತು ‘ಲ’ ಜಾಗ ಬದಲಿಸಿಕೊಂಡದ್ದು ಈ ಒಂದು ಪದದಲ್ಲಿ ಮಾತ್ರ ಅಲ್ಲ, ಲ್ಯಾಟಿನ್ನಿನ ‘ಮಿರಾಕುಲುಂ’ ಪೋರ್ಚುಗೀಸಿನಲ್ಲಿ ‘ಮಿಲಾಗ್ರೆ’ ಆದದ್ದೂ ಹೀಗೇ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ‘ಪಾರ್ಲಿಮೆಂಟ್’, ‘ಪೆರೋಲ್’ ಇದೇ ಮನೆತನದವು.

ನಾನು ಪ್ರೂಫ್ ತಿದ್ದುತ್ತಾ ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಯಾರಾದರೂ ಹೀಗೆ ಪದದ ಮೂಲ ಹೇಳಿದರೆ ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾರಿಂದ ಯಾರಿಗೆ? ಎಲ್ಲಿ? ಯಾವಾಗ?’ ಎಂದು ಗೀಚಿ ಹಾಳೆ ವಾಪಸ್ ಕೊಡುತ್ತಿದ್ದರು. ಪುಟ ಕಟ್ಟಿ ಮುಗಿದ ಮೇಲೆ ನಮ್ಮನ್ನು ಕೂರಿಸಿಕೊಂಡು ‘ಚಾವಿ’, ‘ಪಾದ್ರಿ’, ‘ಅಲಮಾರು’ ಪೋರ್ಚುಗೀಸಿನಿಂದ ನಮ್ಮ ಕಡೆಗೆ ಬಂದ ಬಗೆಯನ್ನು ಹೇಳುತ್ತಿದ್ದರು. ಬರೀ ಸದ್ದಿನ ಹೋಲಿಕೆಯನ್ನು ಅವರು ಒಪ್ಪಿದ್ದು ನಾನು ನೋಡಿಲ್ಲ.

ಅವರ ‘ಎಲ್ಲಿ?’ ನಿಮ್ಮ ಇನ್ನೊಂದು ಸಾಲಿಗೂ ಬೇಕು. ‘ಇಂಗ್ಲಿಷರು ಇದನ್ನು ಮಂಗಳೂರು ಬಂದರಿನಲ್ಲಿ ಕಲಿತರು’ ಅನ್ನುತ್ತೀರಿ. ಇಲ್ಲ, ಅವರು ಎತ್ತಿಕೊಂಡದ್ದು 18ನೇ ಶತಮಾನದಲ್ಲಿ, ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ. ಯುರೋಪಿನ ವ್ಯಾಪಾರಿಗಳು ಮತ್ತು ಅಲ್ಲಿನ ಮುಖಂಡರ ನಡುವಿನ ಮಾತುಕತೆಗೆ ಅಲ್ಲಿ ಆ ಹೆಸರಿತ್ತು. ಮನುಷ್ಯರನ್ನೇ ಮಾರುತ್ತಿದ್ದ ಕರಾವಳಿ ಅದು. ಅಲ್ಲಿಂದ ನಾವಿಕರ ಬಾಯಲ್ಲಿ ಊರಿಗೆ ಹೋದ ಪದಕ್ಕೆ ಕಾಡುಹರಟೆ, ಬೆಣ್ಣೆಮಾತು ಅನ್ನೋ ಅರ್ಥ ಅಂಟಿತು. ಇಷ್ಟು ದೊಡ್ಡ ಕಥೆ ನಿಮ್ಮಲ್ಲಿ ಅರ್ಧ ಸಾಲು!

ಎರಡನೇ ಪ್ಯಾರಾ ಪೂರ್ತಿ ತೆಗೆಯಿರಿ. ಆಫ್ರಿಕಾದ ಆ ಕರಾವಳಿಯಿಂದಲೇ ಶುರುಮಾಡಿ ಮತ್ತೆ ಕಳಿಸಿ. ಓದುತ್ತೇನೆ.