ಸಂಘದ ವಿಲೀನ: ಪಿಗ್ಮಿಯವರಿಗೆ ಮೊದಲು ಹೇಳಿ

ನಮಸ್ಕಾರ ಸರ್. ನಿಮ್ಮ ಪತ್ತಿನ ಸಹಕಾರಿ ಸಂಘವನ್ನು ಪಕ್ಕದೂರಿನ ಸಂಘದ ಜೊತೆ ಸೇರಿಸುವ ಯೋಚನೆ ಇದೆ, ಸದಸ್ಯರಿಗೆ ಈಗಲೇ ಹೇಳಬೇಕಾ ಅಂತ ಕೇಳಿದ್ದೀರಿ. ಈಗಲೇ ಹೇಳಿ. ಹೇಗೂ ಸರ್ವಸದಸ್ಯರ ಸಭೆ ಒಪ್ಪಬೇಕು ಅಲ್ವಾ? ಅಲ್ಲೇ ಮೊದಲ ಸಲ ಕೇಳಿದವರು ಹೇಗೆ ಕೈ ಎತ್ತುತ್ತಾರೆ?

ಆದರೆ ಅದಕ್ಕೂ ಮೊದಲು ಕೌಂಟರ್‌ನಲ್ಲಿ ಕೂರುವವರಿಗೆ, ಪಿಗ್ಮಿ ವಸೂಲಿಗೆ ಹೋಗುವವರಿಗೆ ತಿಳಿಸಿ. ಜನ ನೋಟಿಸ್ ಬೋರ್ಡ್ ಓದುವುದು ಕಡಿಮೆ, ಮನೆಗೆ ಬಂದ ಪಿಗ್ಮಿಯವರನ್ನೇ ಕೇಳುತ್ತಾರೆ. ಅವರು "ನಂಗೂ ಗೊತ್ತಿಲ್ಲ" ಅಂದರೆ ಸಾಕು, ಠೇವಣಿ ಬಿಡಿಸಿಕೊಳ್ಳಲು ಜನ ಬಂದುಬಿಡುತ್ತಾರೆ.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್ ಜೊತೆ ಸೇರಿತು. ಆಗ ನಮ್ಮ ಮನೆಯಲ್ಲಿ ಕೇಳಿದ್ದು ಒಂದೇ, "ಪಾಸ್‌ಬುಕ್ ಏನಾಗುತ್ತೆ?" ನಿಮ್ಮ ಸದಸ್ಯರದ್ದೂ ಇಂಥದ್ದೇ ಪ್ರಶ್ನೆ ಇರುತ್ತದೆ. ಠೇವಣಿಯ ಬಡ್ಡಿ ಬದಲಾಗುತ್ತಾ? ಅಡವಿಟ್ಟ ಚಿನ್ನ ಯಾವ ಊರಲ್ಲಿರುತ್ತೆ? ನಮ್ಮೂರಿನ ಶಾಖೆ ಮುಚ್ಚುತ್ತಾ? ಪತ್ರದಲ್ಲಿ ಮೊದಲು ಇವಕ್ಕೆ ಉತ್ತರ ಬರೆಯಿರಿ, ವಿಲೀನದ ಲಾಭ ಆಮೇಲೆ. ತೀರ್ಮಾನ ಆಗದ್ದನ್ನು ಆಗಿಲ್ಲ ಅಂತಲೇ ಬರೆದು, ಯಾವ ದಿನ ತಿಳಿಸುತ್ತೀರಿ ಅಂತ ತಾರೀಖು ಹಾಕಿ.