ಕೊನೆಗೌಡರಿಂದಲೇ ಶುರು ಮಾಡಿ

ನಮಸ್ಕಾರ.

ಗುಟ್ಕಾ ಚಟ ಬಿಡಿಸುವುದು ಸರ್ಕಾರದ ಹೊಣೆ ಎಂದು ನೀವು ಶಿರಸಿಯಿಂದ ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಒಳಗೆ ಒಳ್ಳೆಯ ಲೇಖನ ಇದೆ.

ಮೊದಲ ಎರಡು ಪುಟ ಬರೀ 'ನಿಷೇಧಿಸಬೇಕು' ಎಂದೇ ಇದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯಿತು. ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ನಿಮ್ಮೂರಿನ ಗೂಡಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರೆ ಇದು ಲೇಖನದಲ್ಲಿ ಬರುತ್ತಿತ್ತು.

ಇನ್ನೊಂದು ಪ್ರಶ್ನೆಯನ್ನು ನೀವು ಮುಟ್ಟಿಯೇ ಇಲ್ಲ. 'ಅವನ ದುಡ್ಡು, ಅವನ ಬಾಯಿ, ಸರ್ಕಾರಕ್ಕೇನು?' ಎಂದು ಓದುಗ ಕೇಳುತ್ತಾನೆ ಅಲ್ವಾ? ಚಟ ಹಿಡಿದವನೂ ಮುಂದಿನ ಲಾಭನಷ್ಟ ಲೆಕ್ಕ ಹಾಕಿಯೇ ನಡೆಯುತ್ತಾನೆ ಎಂದು ಬೆಕರ್ ಮತ್ತು ಮರ್ಫಿ ಎಂಬ ಅರ್ಥಶಾಸ್ತ್ರಜ್ಞರು 1988ರಲ್ಲೇ ವಾದಿಸಿದ್ದರು. ಹಾಗಾದರೆ ಸರ್ಕಾರ ಯಾಕೆ ನಡುವೆ ಬರಬೇಕು? ಬಡವರ ಚಿಕಿತ್ಸೆಯ ಖರ್ಚು ಎಲ್ಲರ ತೆರಿಗೆಯಿಂದ ಹೋಗುತ್ತದೆ ಎನ್ನುವುದು ಒಂದು ಉತ್ತರ. ಅಷ್ಟೇ ಸಾಲದು.

ನಿಜವಾದ ಉತ್ತರ ನಿಮ್ಮ ಮೂರನೇ ಪುಟದಲ್ಲೇ ಇದೆ. ನೀವು ಅದನ್ನು ಸುಮ್ನೆ ದಾಟಿ ಹೋಗಿದ್ದೀರಿ. ನಿಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು 'ಈ ಕೊಯ್ಲು ಮುಗೀಲಿ, ಬಿಟ್ಟುಬಿಡ್ತೇನೆ' ಎಂದರು, ಮುಂದಿನ ವರ್ಷವೂ ಅದನ್ನೇ ಅಂದರು ಎಂದು ಬರೆದಿದ್ದೀರಲ್ಲ. ಅವರ ಲೆಕ್ಕ ತಪ್ಪಿಲ್ಲ. ಬಿಡಬೇಕೆಂಬ ಮನಸ್ಸೂ ಇದೆ. ಇವತ್ತಿನ ಆಸೆ ಮಾತ್ರ ನಾಳೆಯ ನಿರ್ಧಾರವನ್ನು ಪ್ರತಿ ಸಲ ಸೋಲಿಸುತ್ತದೆ. ಅಂಥವರಿಗೆ, ಈ ಪ್ಯಾಕೆಟ್‌ಗಳ ಬೆಲೆ ಏರಿಸುವ ತೆರಿಗೆ ಬರೀ ದಂಡವಲ್ಲ, ಅವರೇ ಬಯಸಿದ ಆಸರೆಯೂ ಆಗಬಹುದು. 2001ರಲ್ಲಿ ಗ್ರೂಬರ್ ಮತ್ತು ಕೊಸೆಗಿ ಎಂಬ ಅರ್ಥಶಾಸ್ತ್ರಜ್ಞರು ವಾದಿಸಿದ್ದೂ ಇದನ್ನೇ. ಬಡವನ ಜೇಬಿಗೇ ತೆರಿಗೆ ಜಾಸ್ತಿ ಭಾರ ಎಂಬ ಮಾತೂ ಸುಳ್ಳಲ್ಲ. ಅದನ್ನೂ ಬರೆಯಿರಿ.

ಕೊನೆಗೆ, ಹೇಳಲೇಬೇಕಾದ ಮಾತು. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ನಿಮ್ಮ ಮನೆ ಅಂಗಳದಲ್ಲಿ ಚಾಲಿ ಅಡಿಕೆ ಒಣಗುತ್ತಿದೆ. ನಿಮ್ಮ ಓದಿನ ಫೀ ಬಂದದ್ದೂ ಅದರಿಂದಲೇ ಎಂದು ನೀವೇ ಬರೆದಿದ್ದೀರಿ. ಅಡಿಕೆಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಕಷ್ಟ ಅಂತ ನನಗೆ ಗೊತ್ತು. ಆದರೂ ಇದನ್ನು ಬಿಟ್ಟು ಶಿರಸಿಯಲ್ಲಿ ಕೂತು ಗುಟ್ಕಾ ಬಗ್ಗೆ ಬರೆಯಲಾಗದು.

ಕೊಯ್ಲು ಮುಗಿಯುವ ಮೊದಲು ಕೊನೆಗೌಡರನ್ನು ಇನ್ನೊಮ್ಮೆ ಮಾತಾಡಿಸಿ. ದಿನಕ್ಕೆ ಎಷ್ಟು ಪ್ಯಾಕೆಟ್, ಎಷ್ಟು ದುಡ್ಡು, ಬೆಲೆ ಏರಿದಾಗ ಕಡಿಮೆ ಮಾಡಿದ್ದರಾ, ಕೇಳಿಕೊಂಡು ಬನ್ನಿ.